ಲೆಕ್ಕಕ್ಕೆ ಬಾರದ ಮಗುವಿಗೆ ಸರ್ಕಾರದ ಹಣವೂ ಬಾರದು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ದವಾಖಾನೆಗೆ ಬರುವ ತಾಯಂದಿರಲ್ಲಿ ಕೆಲವರು ಕೇಳುವ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಹಕೀಮ್ ಸಾಹೇಬ್ರ, ಹುಡುಗ್ಗ ಹತ್ತು ವರ್ಷ ಆತು, ಇನ್ನೂ ಮೂರು ವರ್ಷದ ಕೂಸಿನಂಗ ಅದಾನ. ಬುದ್ಧಿ ಬರೂದಕ್ಕ ಒಂದು ಖಮೀರಾ ಕೊಡ್ರಿ." ಕೆಲವರು ಅದಾಗಲೇ ಊರೂರು ಸುತ್ತಿ, ತಾಯಿತ ಕಟ್ಟಿಸಿ, ಸಾವಿರಾರು ರೂಪಾಯಿ ಕಳೆದುಕೊಂಡಿರುತ್ತಾರೆ. ಇನ್ನು ಕೆಲವರು ಮಗುವನ್ನು ಮನೆಯಿಂದ ಹೊರಗೇ ತಂದಿರುವುದಿಲ್ಲ.

ಇಂಥ ಕುಟುಂಬಗಳಿಗೆ ಸಲ್ಲಬೇಕಾದ ಸಾರ್ವಜನಿಕ ಹಣ ಎಲ್ಲಿದೆ, ಅದು ಯಾವ ದಾರಿಯಲ್ಲಿ ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇನೆ. ಆರೋಗ್ಯದ ಪುಟದಲ್ಲಿ ಹಣದ ಮಾತೇಕೆ ಎಂದು ನೀವು ಕೇಳಬಹುದು. ಈ ಮಕ್ಕಳಿಗೆ ಬೇಕಾದ ಚಿಕಿತ್ಸೆ ಬಾಟಲಿಯಲ್ಲಿ ಸಿಗುವುದಿಲ್ಲ. ತರಬೇತಿ ಪಡೆದ ಶಿಕ್ಷಕರು, ಹಗಲು ಹೊತ್ತು ನೋಡಿಕೊಳ್ಳುವ ಜಾಗ, ತಾಯಿಗೆ ಸ್ವಲ್ಪ ಬಿಡುವು, ತಂದೆ-ತಾಯಿಯ ನಂತರ ಒಂದು ಆಸರೆ, ಇವೇ ಅವರಿಗೆ ಬೇಕಾದ ಮದ್ದು. ಇವೆಲ್ಲಕ್ಕೂ ಹಣ ಬೇಕು.

ಇದು ಹುಚ್ಚಲ್ಲ, ರೋಗವೂ ಅಲ್ಲ

ನಮ್ಮ ಯುನಾನಿ ಗ್ರಂಥಗಳಲ್ಲಿ ಬುದ್ಧಿಯ ಕೊರತೆಗೆ 'ಹುಮ್ಕ್' ಎಂದೂ ಹುಚ್ಚಿಗೆ 'ಜುನೂನ್' ಎಂದೂ ಬೇರೆ ಬೇರೆ ಹೆಸರಿದೆ. ಇಂದಿನ ವೈದ್ಯಶಾಸ್ತ್ರವೂ ಇವೆರಡನ್ನು ಬೇರೆಯಾಗಿಯೇ ನೋಡುತ್ತದೆ. ಮಾನಸಿಕ ಕಾಯಿಲೆ ಯಾವ ವಯಸ್ಸಿನಲ್ಲೂ ಬರಬಹುದು, ಔಷಧದಿಂದ ಹತೋಟಿಗೂ ಬರಬಹುದು. ಬೌದ್ಧಿಕ ವಿಕಲತೆ ಬೆಳೆಯುವ ವಯಸ್ಸಿನಲ್ಲೇ ಕಾಣಿಸುತ್ತದೆ. ಮಗು ಕತ್ತು ನಿಲ್ಲಿಸುವುದು, ನಡೆಯುವುದು, ಮಾತು, ತಾನೇ ಉಣ್ಣುವುದು ಎಲ್ಲವೂ ತಡವಾಗುತ್ತವೆ.

ಹೆರಿಗೆ ಸಮಯದಲ್ಲಿ ಮಿದುಳಿಗೆ ಆಮ್ಲಜನಕ ಕಡಿಮೆಯಾಗುವುದು, ಹುಟ್ಟಿದ ಕೂಡಲೇ ಬರುವ ತೀವ್ರ ಕಾಮಾಲೆ, ಮಿದುಳು ಜ್ವರ, ಗರ್ಭಿಣಿಯಲ್ಲಿ ಅಯೋಡಿನ್ ಕೊರತೆ, ಡೌನ್ ಸಿಂಡ್ರೋಮ್, ವಂಶವಾಹಿ ದೋಷಗಳು ಇದಕ್ಕೆ ಮುಖ್ಯ ಕಾರಣಗಳು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಹುಟ್ಟು ದೋಷಗಳ ಸಾಧ್ಯತೆ ಸುಮಾರು ಇಮ್ಮಡಿಯಾಗುತ್ತದೆ. ನಮ್ಮ ಭಾಗದಲ್ಲಿ ಚಾಚಾ-ಮಾಮುವಿನ ಮಕ್ಕಳ ನಡುವೆ, ಅಕ್ಕಪಕ್ಕದ ಸಮುದಾಯಗಳಲ್ಲಿ ಅಕ್ಕನ ಮಗಳೊಂದಿಗೆ ಮದುವೆ ಸಾಮಾನ್ಯವಾಗಿರುವುದರಿಂದ ಇದನ್ನು ತಿಳಿದಿರಬೇಕು. ಆದರೆ ಹುಟ್ಟಿದ ಮಗುವಿನ ವಿಷಯದಲ್ಲಿ ತಾಯಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಖಮೀರಾ ಗಾವಜಬಾನ್ ಆಗಲಿ, ಇತ್ರೀಫಲ್ ಉಸ್ತುಖುದ್ದೂಸ್ ಆಗಲಿ ಬೌದ್ಧಿಕ ವಿಕಲತೆಯನ್ನು ಹೋಗಲಾಡಿಸುವುದಿಲ್ಲ. ಯುನಾನಿ ವೈದ್ಯನಾಗಿ ಇದನ್ನು ಸ್ಪಷ್ಟವಾಗಿ ಹೇಳುವುದು ನನ್ನ ಕರ್ತವ್ಯ. ಜೊತೆಗೆ ಬರುವ ಮಲಬದ್ಧತೆ, ಸ್ನಾಯುಗಳ ಬಿಗಿತ, ನಿದ್ದೆಯ ತೊಂದರೆಗೆ ನಮ್ಮ ಪದ್ಧತಿಯಲ್ಲಿ ನೆರವಿದೆ. ಮೂರ್ಛೆ ರೋಗವಿದ್ದರೆ ತಜ್ಞರು ಕೊಟ್ಟ ಮಾತ್ರೆಯನ್ನು ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ. ಹುಟ್ಟಿನಿಂದಲೇ ಥೈರಾಯ್ಡ್ ಹಾರ್ಮೋನ್ ಕೊರತೆಯಿದ್ದರೆ ಮೊದಲ ವಾರಗಳಲ್ಲೇ ಪತ್ತೆ ಹಚ್ಚಿ ಮಾತ್ರೆ ಆರಂಭಿಸಿದಾಗ ಬುದ್ಧಿಗೆ ಆಗುವ ಹಾನಿಯನ್ನು ಬಹುಮಟ್ಟಿಗೆ ತಪ್ಪಿಸಬಹುದು. ಆದ್ದರಿಂದ ನವಜಾತ ಶಿಶುವಿನ ರಕ್ತಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ.

ಮೊದಲ ಬಾಗಿಲು: ಪ್ರಮಾಣಪತ್ರ

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಎಣಿಸಲಾಯಿತು. ದೇಶದಲ್ಲಿ ಬೌದ್ಧಿಕ ವಿಕಲತೆ ಇರುವವರೆಂದು ದಾಖಲಾದವರು ಸುಮಾರು 15 ಲಕ್ಷ. ಮನೆಯವರು ನಾಚಿಕೆಯಿಂದ ಹೇಳದೆ ಬಿಟ್ಟ ಮಕ್ಕಳು ಈ ಲೆಕ್ಕದಲ್ಲಿಲ್ಲ. ಸರ್ಕಾರದ ಹಣ ಹರಿಯುವುದು ಲೆಕ್ಕದ ಮೇಲೆ. ಲೆಕ್ಕ ಆರಂಭವಾಗುವುದು ವಿಶಿಷ್ಟ ಗುರುತಿನ ಚೀಟಿಯಿಂದ, ಅಂದರೆ ಯುಡಿಐಡಿ ಕಾರ್ಡಿನಿಂದ.

ಇದಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ವಿಳಾಸದ ದಾಖಲೆ, ಫೋಟೊ ಸಾಕು. ನಂತರ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ತಪಾಸಣೆ ನಡೆಯುತ್ತದೆ. ಮಂಡಳಿಯವರು ಬುದ್ಧಿಮಟ್ಟವನ್ನು ನೋಡುವುದರ ಜೊತೆಗೆ ಸಾಮಾಜಿಕ ಪ್ರೌಢಿಮೆಯನ್ನೂ ಅಳೆಯುತ್ತಾರೆ. ಮಗು ತಾನೇ ಉಣ್ಣುತ್ತದೆಯೇ, ಬಟ್ಟೆ ಹಾಕಿಕೊಳ್ಳುತ್ತದೆಯೇ, ಅಂಗಡಿಗೆ ಹೋಗಿ ಬರಬಲ್ಲದೇ ಎಂದು ತಾಯಿಯನ್ನು ಕೇಳುತ್ತಾರೆ. ಮಗುವಿನ ಮಾನ ಕಾಪಾಡಬೇಕೆಂದು "ಎಲ್ಲಾ ಮಾಡ್ತಾನ್ರಿ" ಎನ್ನಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಹೆಚ್ಚಿಸಿಯೂ ಹೇಳಬೇಡಿ.

ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಈ ಅಳತೆಯಲ್ಲಿ 55ರಿಂದ 69 ಅಂಕ ಬಂದರೆ ಸೌಮ್ಯ ಎಂದು ಶೇ. 50, 36ರಿಂದ 54 ಬಂದರೆ ಮಧ್ಯಮ ಎಂದು ಶೇ. 75, 21ರಿಂದ 35ಕ್ಕೆ ತೀವ್ರ ಎಂದು ಶೇ. 90, ಅದಕ್ಕಿಂತ ಕೆಳಗಿದ್ದರೆ ಶೇ. 100 ವಿಕಲತೆ ಎಂದು ಬರೆಯುತ್ತಾರೆ. ಬಹುತೇಕ ಸೌಲಭ್ಯಗಳಿಗೆ ಶೇ. 40 ಇದ್ದರೆ ಸಾಕು. ಒಂದು ವರ್ಷ ತುಂಬಿದ ಮಗುವಿಗೂ ತಾತ್ಕಾಲಿಕ ಪ್ರಮಾಣಪತ್ರ ಸಿಗುತ್ತದೆ. 5, 10 ಮತ್ತು 18ನೇ ವಯಸ್ಸಿನಲ್ಲಿ ಅದನ್ನು ನವೀಕರಿಸಬೇಕು. 18ರಲ್ಲಿ ಕೊಡುವ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ನವೀಕರಣ ಮರೆತರೆ ಪಿಂಚಣಿ ನಿಲ್ಲಬಹುದು, ಆದ್ದರಿಂದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ.

ಮನೆಗೆ ಬರುವ ಹಣ

ಸಾರ್ವಜನಿಕ ಹಣ ಎರಡು ಕಾಲುವೆಗಳಲ್ಲಿ ಹರಿಯುತ್ತದೆ. ಒಂದು ನೇರ ಮನೆಗೆ, ಇನ್ನೊಂದು ಶಾಲೆ ಅಥವಾ ವಸತಿ ಕೇಂದ್ರ ನಡೆಸುವ ಸಂಸ್ಥೆಗೆ.

ಮನೆಗೆ ಬರುವುದರಲ್ಲಿ ಮೊದಲನೆಯದು ರಾಜ್ಯದ ಮಾಸಿಕ ಪಿಂಚಣಿ. ಶೇ. 40ರಿಂದ 74ರವರೆಗೆ ಒಂದು ಮೊತ್ತ, ಅದಕ್ಕೂ ಹೆಚ್ಚಿನ ವಿಕಲತೆಗೆ ಹೆಚ್ಚಿನ ಮೊತ್ತ ಎಂಬ ಹಂತಗಳಿವೆ. ಅಂದರೆ ಪ್ರಮಾಣಪತ್ರದಲ್ಲಿ 'ಮಧ್ಯಮ' ಎಂದು ಬರೆದ ಮಗು ಮೇಲಿನ ಹಂತಕ್ಕೆ ಸೇರುತ್ತದೆ. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. ಆದಾಯ ಮಿತಿ ಮತ್ತು ಸದ್ಯದ ಮೊತ್ತವನ್ನು ಅಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ.

ಎರಡನೆಯದು ರಾಷ್ಟ್ರೀಯ ನ್ಯಾಸದ 'ನಿರಾಮಯ' ಆರೋಗ್ಯ ವಿಮೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ ಮತ್ತು ಬಹುವಿಕಲತೆ ಇರುವವರಿಗಾಗಿಯೇ ಬಂದದ್ದು. ಈ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ಆಸ್ಪತ್ರೆಗೆ ಸೇರದೆ ಪಡೆಯುವ ಫಿಸಿಯೋಥೆರಪಿ, ಮಾತಿನ ತರಬೇತಿಯಂಥ ಖರ್ಚನ್ನೂ ನಿಗದಿತ ಮಿತಿಯೊಳಗೆ ಮರಳಿ ಪಡೆಯಬಹುದು. ಇದಕ್ಕೆ ಮುಂಚಿತ ವೈದ್ಯಕೀಯ ಪರೀಕ್ಷೆಯಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ಪ್ರತಿ ಬಿಲ್ಲನ್ನೂ ಜೋಪಾನವಾಗಿಡಿ.

ಮೂರನೆಯದು ಪ್ರಯಾಣ. ವಿಕಲಚೇತನರಿಗೆ ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಗೆ ಸಾರಿಗೆ ನಿಗಮದ ರಿಯಾಯಿತಿ ವಾರ್ಷಿಕ ಪಾಸ್ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಹಾಗಾಗಿ ಇಳಕಲ್ಲಿನ ತಾಯಿ ಮಗನನ್ನು ಕರೆದುಕೊಂಡು ನವನಗರಕ್ಕೆ ಹೋಗಿ ಬರಲು ಬಸ್ ಖರ್ಚು ಅಡ್ಡಿಯಾಗಬೇಕಿಲ್ಲ. ಆದರೆ ಆ ದಿನದ ಕೂಲಿ ಮಾತ್ರ ಹೋಗಿಯೇ ಹೋಗುತ್ತದೆ. ತಾಲ್ಲೂಕಿನಲ್ಲೇ ಸೇವೆ ಬೇಕು ಎನ್ನುವುದು ಇದಕ್ಕೇ.

ಸಂಸ್ಥೆಗೆ ಹೋಗುವ ಹಣ

ಬೌದ್ಧಿಕ ವಿಕಲತೆಯ ಮಕ್ಕಳ ಹಗಲು ಶಾಲೆ ಹಾಗೂ ವಸತಿ ಶಾಲೆಗಳನ್ನು ನಮ್ಮಲ್ಲಿ ಹೆಚ್ಚಾಗಿ ನಡೆಸುವವರು ಸ್ವಯಂಸೇವಾ ಸಂಸ್ಥೆಗಳು. ಸರ್ಕಾರ ಅವುಗಳಿಗೆ ಅನುದಾನ ಕೊಡುತ್ತದೆ. ರಾಜ್ಯದಲ್ಲಿ 1982ರ ಅನುದಾನ ಸಂಹಿತೆಯಡಿ ನೆರವು ಪಡೆಯುವ ಕೆಲವು ಹಳೆಯ ವಿಶೇಷ ಶಾಲೆಗಳಿವೆ. ಉಳಿದ ಹಲವು ಶಾಲೆಗಳು ಶಿಶುಕೇಂದ್ರಿತ ಯೋಜನೆಯಲ್ಲಿವೆ. ಅದರಲ್ಲಿ ಹಣ ಬರುವುದು ಮಗುವಿನ ತಲೆ ಲೆಕ್ಕದಲ್ಲಿ. ವಸತಿ ಮಗುವಿಗೆ ಒಂದು ದರ, ಮನೆಯಿಂದ ಬಂದುಹೋಗುವ ಮಗುವಿಗೆ ಅದಕ್ಕಿಂತ ಕಡಿಮೆ ದರ.

ಕೇಂದ್ರದ ದೀನದಯಾಳ್ ಪುನರ್ವಸತಿ ಯೋಜನೆ ಇನ್ನೊಂದು ಮೂಲ. ಇದು 2003ರಿಂದ ಈ ಹೆಸರಿನಲ್ಲಿದೆ, 2018ರಲ್ಲಿ ಪರಿಷ್ಕೃತವಾಯಿತು. ಒಪ್ಪಿಗೆಯಾದ ವೆಚ್ಚದ ಗರಿಷ್ಠ ಶೇ. 90ರಷ್ಟನ್ನು ಕೇಂದ್ರ ಕೊಡುತ್ತದೆ, ಉಳಿದದ್ದನ್ನು ಸಂಸ್ಥೆಯೇ ಹೊಂದಿಸಬೇಕು. ರಾಷ್ಟ್ರೀಯ ನ್ಯಾಸದಲ್ಲೂ ನೋಂದಾಯಿತ ಸಂಸ್ಥೆಗಳ ಮೂಲಕ ನಡೆಯುವ ಯೋಜನೆಗಳಿವೆ. ಚಿಕ್ಕ ಮಕ್ಕಳಿಗೆ 'ದಿಶಾ', ಹತ್ತು ದಾಟಿದವರ ಹಗಲು ಆರೈಕೆಗೆ 'ವಿಕಾಸ್', ಕುಟುಂಬಕ್ಕೆ ಸ್ವಲ್ಪ ಕಾಲದ ಬಿಡುವು ಕೊಡುವ 'ಸಮರ್ಥ್', ದೊಡ್ಡವರ ಶಾಶ್ವತ ವಾಸಕ್ಕೆ 'ಘರೌಂದಾ'.

ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಡು. ನೆಲದ ಮೇಲೆ ಮೂರು ತೊಡಕುಗಳಿವೆ. ಒಂದು, ಖರ್ಚು ಮೊದಲು, ಅನುದಾನ ಆಮೇಲೆ. ಹಣ ತಡವಾದಾಗ ಶಿಕ್ಷಕರಿಗೆ ತಿಂಗಳುಗಟ್ಟಲೆ ಸಂಬಳವಿರುವುದಿಲ್ಲ, ತರಬೇತಿ ಪಡೆದವರು ಬಿಟ್ಟು ಹೋಗುತ್ತಾರೆ. ಎರಡು, ತಲೆ ಲೆಕ್ಕದ ಹಣದಲ್ಲಿ ಹೆಚ್ಚು ಆರೈಕೆ ಬೇಡುವ ತೀವ್ರ ವಿಕಲತೆಯ ಮಗು ಸಂಸ್ಥೆಗೆ ಭಾರವಾಗಿ ಕಾಣುತ್ತದೆ. ಎಲ್ಲರಿಗಿಂತ ಹೆಚ್ಚು ನೆರವು ಬೇಕಾದ ಮಗುವೇ ಹೊರಗುಳಿಯುವ ಅಪಾಯವಿದೆ. ಮೂರು, ಹೆಚ್ಚಿನ ಹಣ ಶಾಲಾ ವಯಸ್ಸಿನ ಮಕ್ಕಳಿಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶೇ. 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆಯಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. 18 ದಾಟಿದ ಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ಮಗ ದೇಹದಲ್ಲಿ ಗಂಡಸಾಗಿರುತ್ತಾನೆ, ತಾಯಿ ಮುದುಕಿಯಾಗುತ್ತಿರುತ್ತಾಳೆ. ಸೇವೆ ತೀರಾ ಬೇಕಾಗುವ ಹೊತ್ತಿಗೆ ಅದು ಸಿಗುವುದಿಲ್ಲ.

ಹಗಲು ಕೇಂದ್ರವೋ, ವಸತಿಯೋ?

ತಂದೆ-ತಾಯಿ ಇಲ್ಲದವರಿಗೆ, ಮನೆಯಲ್ಲಿ ನೋಡಿಕೊಳ್ಳುವವರೇ ಇಲ್ಲದವರಿಗೆ ವಸತಿ ಕೇಂದ್ರ ಬೇಕೇ ಬೇಕು. ಉಳಿದ ಹೆಚ್ಚಿನ ಮಕ್ಕಳಿಗೆ ಹಗಲು ಕೇಂದ್ರವೇ ಮೇಲು ಎಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆ ಹೋಗಿ ಸಂಜೆ ಬರುವ ಮಗು ತನ್ನ ಮನೆಯ ಭಾಷೆ, ಊಟ, ಅಣ್ಣ-ತಂಗಿಯರನ್ನು ಕಳೆದುಕೊಳ್ಳುವುದಿಲ್ಲ. ತಾಯಿಗೆ ಆರು ತಾಸು ಬಿಡುವು ಸಿಗುತ್ತದೆ. ನಿದ್ದೆಗೆಟ್ಟು, ಬೆನ್ನುನೋವು, ರಕ್ತದೊತ್ತಡದಿಂದ ನರಳುವ ಇಂಥ ತಾಯಂದಿರಿಗೆ ಆ ಬಿಡುವಿಗಿಂತ ದೊಡ್ಡ ಔಷಧವಿಲ್ಲ. ಇಳಕಲ್ಲಿನ ನೇಕಾರ ಮನೆಗಳಲ್ಲಿ ಕಂಡಿಕೆ ಸುತ್ತುವಂಥ ಕೆಲಸವನ್ನು ತಾಳ್ಮೆಯಿಂದ ಕಲಿಸಿದರೆ ಸೌಮ್ಯ ಮತ್ತು ಮಧ್ಯಮ ವಿಕಲತೆಯ ಹಲವರು ಕಲಿಯಬಲ್ಲರು. ದೂರದ ವಸತಿ ಶಾಲೆಯಲ್ಲಿ ಈ ಕಸುಬು ಯಾರು ಕಲಿಸಬೇಕು?

ವಸತಿ ಕೇಂದ್ರಕ್ಕೆ ಸೇರಿಸಲೇಬೇಕಾದರೆ ಮೊದಲು ಕಣ್ಣಾರೆ ನೋಡಿ. ಸಂಸ್ಥೆ 2016ರ ಕಾಯ್ದೆಯಡಿ ನೋಂದಣಿಯಾಗಿದೆಯೇ? ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ? ಮುಂಚೆ ಹೇಳದೆ ಬಂದರೂ ಪಾಲಕರನ್ನು ಒಳಗೆ ಬಿಡುತ್ತಾರೆಯೇ? ಮಕ್ಕಳನ್ನು ಕಟ್ಟಿಹಾಕುವುದು, ಕೂಡಿಹಾಕುವುದು ಇದೆಯೇ? ಹೆಣ್ಣುಮಕ್ಕಳ ಸ್ನಾನ, ಮುಟ್ಟಿನ ನೈರ್ಮಲ್ಯ ನೋಡಿಕೊಳ್ಳಲು ರಾತ್ರಿಯೂ ಮಹಿಳಾ ಸಿಬ್ಬಂದಿ ಇರುತ್ತಾರೆಯೇ? ಈ ಪ್ರಶ್ನೆ ಕೇಳಲು ಸಂಕೋಚ ಬೇಡ. ತೃಪ್ತಿಯಾಗುವ ಉತ್ತರ ಬರದಿದ್ದರೆ ಮಗಳನ್ನು ಅಲ್ಲಿ ಬಿಡಬೇಡಿ. ಹಾಗೆಂದು ಆಕೆಯನ್ನು ಮನೆಯ ಮೂಲೆಯಲ್ಲೂ ಕೂರಿಸಬೇಡಿ. ತೀವ್ರ ವಿಕಲತೆಯ ಮಕ್ಕಳಿಗೆ ಶಿಕ್ಷಣ ಇಲಾಖೆಯ ಗೃಹಾಧಾರಿತ ಶಿಕ್ಷಣವಿದೆ. ತಾಲ್ಲೂಕಿನ ಬಿಆರ್‌ಸಿಯಲ್ಲಿರುವ ಬಿಐಇಆರ್‌ಟಿ ಶಿಕ್ಷಕರನ್ನು ಕಂಡು ಮಗುವಿನ ಹೆಸರು ಬರೆಸಿ.

18 ತುಂಬಿದ ಮೇಲೆ ಪಾಲಕರು ಯಾರು?

ಮಗ ಅಥವಾ ಮಗಳಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಿನಲ್ಲಿ ಅವರು ವಯಸ್ಕರು. ತಂದೆಯ ಸಹಿ ಅವರ ಬ್ಯಾಂಕ್ ಖಾತೆಗೆ, ಆಸ್ತಿಗೆ ತಾನಾಗಿ ನಡೆಯುವುದಿಲ್ಲ. ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಕಾನೂನುಬದ್ಧ ಪಾಲಕರನ್ನು ನೇಮಿಸುತ್ತದೆ. ಇದು ಎಲ್ಲ ಧರ್ಮದವರಿಗೂ ಅನ್ವಯ. ತಂದೆ-ತಾಯಿಯೂ ಅರ್ಜಿ ಕೊಡಬೇಕು.

ತಮ್ಮ ಸೊತ್ತನ್ನು ತಾವೇ ನಿಭಾಯಿಸಲಾರದವರಿಗೆ ಅದರಿಂದಲೇ ಉಣಿಸಿ, ಉಡಿಸಿ, ಅವರೊಂದಿಗೆ ಒಳ್ಳೆಯ ಮಾತಾಡಬೇಕೆಂಬ ಬೋಧನೆ ಸೂರಃ ಅನ್ನಿಸಾದ ಆರಂಭದಲ್ಲೇ ಇದೆ. ಬುದ್ಧಿ ಕಡಿಮೆಯೆಂಬ ಕಾರಣಕ್ಕೆ ವಾರಸಿನ ಪಾಲು ಕಡಿಮೆಯಾಗುವುದಿಲ್ಲ. ವಾರಸುದಾರನಿಗೆ ವಸಿಯ್ಯತ್ ಬರೆಯಲು ಉಳಿದ ವಾರಸುದಾರರ ಒಪ್ಪಿಗೆ ಬೇಕಾದ್ದರಿಂದ, ಹೆಚ್ಚಿನ ಆಸರೆ ಕೊಡಬೇಕೆಂದಿರುವವರು ಬದುಕಿರುವಾಗಲೇ ಹಿಬಾ ಮಾಡುವ ಬಗ್ಗೆ ಆಲಿಮರನ್ನೂ ವಕೀಲರನ್ನೂ ಕೇಳಲಿ. "ಅಣ್ಣತಮ್ಮಂದಿರು ನೋಡಿಕೊಳ್ತಾರ" ಎಂಬ ಮಾತು ಮಾತಾಗಿಯೇ ಉಳಿಯಬಾರದು. ಯಾರು ಪಾಲಕರು, ಖರ್ಚಿಗೆ ಏನು ಆಧಾರ ಎಂಬುದು ಕಾಗದದ ಮೇಲೆ ಬರಬೇಕು.

ತಾಲ್ಲೂಕಿಗೊಂದು ಹಗಲು ಕೇಂದ್ರ ಸಾಧ್ಯವೇ?

ಕಾಸರಗೋಡಿನ ಕನ್ನಡ ಸೀಮೆಯಾದ ಎಣ್ಮಕಜೆಯಂಥ ಊರುಗಳಲ್ಲಿ ಎಂಡೋಸಲ್ಫಾನ್ ಬಾಧಿತ ಮಕ್ಕಳಿಗಾಗಿ 'ಬಡ್ಸ್' ಶಾಲೆಗಳಿವೆ. 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಙಾನೂರಿನಲ್ಲಿ ಆರಂಭವಾದ ಈ ಮಾದರಿಯಲ್ಲಿ ಗ್ರಾಮ ಪಂಚಾಯಿತಿಯೇ ಶಾಲೆಯ ಹೊಣೆ ಹೊರುತ್ತದೆ. ನಮ್ಮ ರಾಜ್ಯದಲ್ಲೂ ದಕ್ಷಿಣ ಕನ್ನಡದ ಕೊಕ್ಕಡ ಮತ್ತು ಕೊಯಿಲದಲ್ಲಿ ಎಂಡೋಸಲ್ಫಾನ್ ಬಾಧಿತರಿಗೆ ಸರ್ಕಾರದ ಹಣದಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು. ಅಲ್ಲಿನ ಜನ ಬಾಧಿತರ ಪಟ್ಟಿ ಹಿಡಿದು ವರ್ಷಗಟ್ಟಲೆ ಹೋರಾಡಿದರು. ನಮ್ಮ ಮಕ್ಕಳ ವಿಕಲತೆಗೆ ಕಾರಣ ಬೇರೆ ಇರಬಹುದು, ಅಗತ್ಯ ಅದೇ.

ಇದು ದಾನದ ಮಾತಲ್ಲ. ಉಮಯ್ಯದ್ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ (ಆಳ್ವಿಕೆ 705-715) ನಡೆಯಲಾಗದವರಿಗೆ ಸೇವಕರನ್ನೂ ಅಂಧರಿಗೆ ದಾರಿ ತೋರುವವರನ್ನೂ ಖಜಾನೆಯ ವೆಚ್ಚದಲ್ಲಿ ನೇಮಿಸಿದ್ದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಬೀದಿಯಲ್ಲಿ ಕೈಚಾಚುವ ಬದಲು ಬೈತುಲ್ ಮಾಲ್‌ನಿಂದ ಹಕ್ಕಾಗಿ ಪಡೆಯಲಿ ಎಂಬುದು ಅದರ ಆಶಯ. ಇಂದು ನಾವು ಕೇಳುತ್ತಿರುವುದೂ ನಾವೇ ಕಟ್ಟಿದ ತೆರಿಗೆಯ ಹಣ.

ನಮ್ಮ ಮೊಹಲ್ಲಾಗಳು, ಜಮಾಅತ್‌ಗಳು ಮಾಡಬಹುದಾದ ಕೆಲಸ ಹೀಗಿದೆ:

1. ಮೊಹಲ್ಲಾದಲ್ಲಿ ಇಂಥವರು ಎಷ್ಟು ಜನ, ವಯಸ್ಸೆಷ್ಟು, ಯಾರಿಗೆ ಯುಡಿಐಡಿ ಇದೆ, ಯಾರಿಗಿಲ್ಲ ಎಂಬ ಪಟ್ಟಿ ಮಾಡಿ. ಮನೆಯ ಒಳಗೆ ಹೋಗಿ ತಾಯಂದಿರ ಜೊತೆ ಮಾತಾಡಲು ಹೆಣ್ಣುಮಕ್ಕಳೇ ಹೋಗಲಿ. ಬೇರೆ ಸಮುದಾಯದ ನೆರೆಯವರ ಮಕ್ಕಳನ್ನೂ ಸೇರಿಸಿ. ಕೇಂದ್ರ ಬಂದರೆ ಅದು ಎಲ್ಲರಿಗೂ ಬರುತ್ತದೆ.

2. ಪಟ್ಟಿಯನ್ನು ಗ್ರಾಮೀಣ ಅಥವಾ ನಗರ ಪುನರ್ವಸತಿ ಕಾರ್ಯಕರ್ತರಿಗೆ ಕೊಡಿ. ಅರ್ಜಿ ಹಾಕಿಸಿ, ಕಚೇರಿಗೆ ಜೋಡಿಸುವುದು ಅವರ ಕೆಲಸ. ತಾಲ್ಲೂಕಿನಲ್ಲಿ ಅವರ ಮೇಲೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಜಿಲ್ಲೆಯಲ್ಲಿ ವಿಕಲಚೇತನರ ಕಲ್ಯಾಣಾಧಿಕಾರಿ ಇದ್ದಾರೆ.

3. ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆಗಳು ತಮ್ಮ ನಿಧಿಯ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ನಿಮ್ಮ ಊರಲ್ಲಿ ಅದು ಯಾವುದಕ್ಕೆ ಖರ್ಚಾಯಿತು ಎಂದು ವಾರ್ಡ್ ಸದಸ್ಯರನ್ನು ಕೇಳಿ. ಬೇಕಾದರೆ ಮಾಹಿತಿ ಹಕ್ಕಿನಡಿ ಅರ್ಜಿ ಕೊಡಿ.

4. ಸ್ಥಳೀಯ ಅಂಜುಮನ್ ಅಥವಾ ಟ್ರಸ್ಟ್ ಹಗಲು ಕೇಂದ್ರ ತೆರೆಯುವ ಮನಸ್ಸು ಮಾಡಿದರೆ ಮೊದಲು ನೋಂದಣಿ, ತರಬೇತಿ ಪಡೆದ ಒಬ್ಬ ಶಿಕ್ಷಕರು, ಸರಿಯಾದ ಹಾಜರಿ ಪುಸ್ತಕ ಮತ್ತು ಲೆಕ್ಕಪತ್ರ ಬೇಕು. ಕೇಂದ್ರದ ಅನುದಾನ ಕೇಳಲು ಸಂಸ್ಥೆ ಕೆಲವು ಕಾಲ ನಡೆದಿರಬೇಕಾದ್ದರಿಂದ ಆರಂಭದ ವರ್ಷಗಳಿಗೆ ಸ್ವಂತ ಹಣ ಇರಲಿ. ಸದಕಾ, ಲಿಲ್ಲಾಹ್ ನಿಧಿ ಇದಕ್ಕೆ ಒದಗುತ್ತದೆ. ಬಡ ಮಗುವಿನ ಕುಟುಂಬಕ್ಕೆ ಝಕಾತ್ ಕೊಡಬಹುದು. ಕಟ್ಟಡ, ಸಂಬಳಕ್ಕೆ ಝಕಾತ್ ಬಳಸುವ ಬಗ್ಗೆ ಉಲಮಾಗಳನ್ನು ಕೇಳಿ ಮುಂದುವರಿಯಿರಿ.

5. ಹಕ್ಕಿನ ಸೇವೆ ನಿರಾಕರಿಸಿದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ಲಿಖಿತ ದೂರು ಕೊಡಬಹುದು. ಪ್ರತಿ ಅರ್ಜಿಗೂ ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ತಾಲ್ಲೂಕಿನ ಪಟ್ಟಿಯಲ್ಲಿ ನಾಲ್ಕೇ ಹೆಸರಿದ್ದರೆ ಹಗಲು ಕೇಂದ್ರ ಬೇಕೆಂಬ ಬೇಡಿಕೆಗೆ ಯಾವ ಅಧಿಕಾರಿಯೂ ಕಿವಿಗೊಡುವುದಿಲ್ಲ. ನಲವತ್ತು ಹೆಸರಿದ್ದರೆ ಕಡತ ತೆರೆಯಲೇಬೇಕಾಗುತ್ತದೆ. ಬಚ್ಚಿಟ್ಟ ಪ್ರತಿ ಮಗುವಿನಿಂದ ಪಕ್ಕದ ಓಣಿಯ ಇನ್ನೊಂದು ಮಗುವಿನ ಪಾಲೂ ತಪ್ಪುತ್ತದೆ. ಆದ್ದರಿಂದ ಈ ಲೇಖನ ಓದಿದವರು ತಮ್ಮ ಮನೆಯಲ್ಲಿ ಅಲ್ಲದಿದ್ದರೆ ತಮ್ಮ ಓಣಿಯಲ್ಲಿ ಇಂಥ ಒಂದು ಮಗುವಿಗೆ ಈ ತಿಂಗಳೊಳಗೆ ಯುಡಿಐಡಿ ಅರ್ಜಿ ಹಾಕಿಸಲಿ. ಅಲ್ಲಾಹನು ನಮ್ಮ ಕೈಗೆ ಒಪ್ಪಿಸಿದ ಅಮಾನತ್ ಈ ಮಕ್ಕಳು.